ಮೇಷ್ಟ್ರಿಗೆ ವಯಸ್ಸೆಷ್ಟು

ಶನಿವಾರ ಮಧ್ಯಾಹ್ನ ಮನೆಯ ಮುಂಭಾಗದ ಅಂಗಡಿಯಲ್ಲಿ ಬೈಂಡರ್ ಒಂದು ದಪ್ಪ ನಿಘಂಟಿನ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದಾಗ ಮೇಷ್ಟ್ರು ಬಿದ್ದರು.

ಮೇಷ್ಟ್ರು ಎಂದರೆ ಹಕ್ಕಿ. ಕಾಕಟೀಲ್ ಎನ್ನುವ, ಅಂಗೈ ಮೇಲೆ ಕೂರುವಷ್ಟು ಚಿಕ್ಕ ಗಿಳಿ ಜಾತಿ. ಬೂದು ಮೈ, ತಲೆಯ ಮೇಲೆ ಹಳದಿ ಜುಟ್ಟು, ಕೆನ್ನೆಗಳಿಗೆ ಕಿತ್ತಳೆ ಬಣ್ಣದ ಬೊಟ್ಟು. ಎದುರಿಗಿದ್ದವರು ಏನೇ ಹೇಳಿದರೂ ತಲೆ ಓರೆ ಮಾಡಿ, ಉತ್ತರ ತಪ್ಪು ಎಂಬಂತೆ ನೋಡುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಹೆಸರಿಟ್ಟವಳು ಬೈಂಡರನ ಹೆಂಡತಿ. ಅವಳು ಈ ಮನೆಯಿಂದ ಹೋಗಿ ಹನ್ನೊಂದು ವರ್ಷವಾಗಿತ್ತು.

ಮುದಿ ಹಕ್ಕಿ ಕಾಗದದ ಕಟ್ಟುಗಳ ಮೇಲಿಂದ ಮೇಜಿಗೆ ಹಾರಲು ಹೋಗಿ, ಅಂದಾಜು ತಪ್ಪಿ, ಕಾಗದ ಕತ್ತರಿಸುವ ಯಂತ್ರದ ಅಂಚಿಗೆ ರೆಕ್ಕೆ ಹೊಡೆಸಿಕೊಂಡಿತು. ನೆಲಕ್ಕೆ ಬಿದ್ದದ್ದು ಎದ್ದಿತು, ಎರಡು ಹೆಜ್ಜೆ ಇಟ್ಟಿತು, ಬಲಗಡೆ ರೆಕ್ಕೆ ಇಳಿಬಿಟ್ಟುಕೊಂಡು ನಿಂತಿತು. ಬಿಳಿ ಹಾಳೆಗಳ ಮೇಲೆ ರಕ್ತ ತೊಟ್ಟಿಕ್ಕತೊಡಗಿತು. ಇಷ್ಟು ಸಣ್ಣ ಜೀವದಲ್ಲಿ ಎಷ್ಟು ರಕ್ತವಿದ್ದೀತು ಎಂದು ಯೋಚಿಸುತ್ತಲೇ ಬೈಂಡರ್ ಅದನ್ನು ಎತ್ತಿಕೊಂಡ.

ಪಶುವೈದ್ಯರ ಕ್ಲಿನಿಕ್ಕಿಗೆ ಫೋನ್ ಮಾಡಿದ. ಎತ್ತಿಕೊಂಡವಳು ಅಲ್ಲಿನ ಸಹಾಯಕಿ. ಹಕ್ಕಿಗಳನ್ನು ನೋಡುವ ಡಾಕ್ಟರ್ ಸೋಮವಾರ ಬೆಳಗ್ಗೆಯೇ ಬರುವುದು ಎಂದಳು. ಆಮೇಲೆ ಅವನ ದನಿ ಕೇಳಿ ಮೆತ್ತಗಾದಳು.

"ಗಾಬರಿ ಆಗ್ಬೇಡಿ. ಮೆಕ್ಕೆಜೋಳದ ಹಿಟ್ಟು ಇದ್ಯಾ? ನುಣ್ಣಗಿರೋದು? ರಕ್ತ ಬರೋ ಜಾಗಕ್ಕೆ ಅದನ್ನ ಒತ್ತಿ ಹಿಡೀರಿ. ಬಟ್ಟೆಯಲ್ಲಿ ಸುತ್ತಿ, ಆದ್ರೆ ಎದೆ ಅಮುಕಬೇಡಿ, ಹಕ್ಕಿಗಳು ಎದೆ ಆಡಿಸಿನೇ ಉಸಿರಾಡೋದು. ಮುಲಾಮು ಗಿಲಾಮು ಏನೂ ಹಚ್ಚಬೇಡಿ. ಬಾಯಿಗೆ ನೀರು ಹುಯ್ಯಬೇಡಿ. ಹತ್ತು ನಿಮಿಷದಲ್ಲಿ ರಕ್ತ ನಿಲ್ಲಲಿಲ್ಲ ಅಂದ್ರೆ ಹೇಳಿ, ಡಾಕ್ಟರನ್ನ ಮನೆಯಿಂದಲೇ ಕರೆಸ್ತೀನಿ."

ರಕ್ತ ಏಳನೇ ನಿಮಿಷಕ್ಕೆ ನಿಂತಿತು. ಸಹಾಯಕಿ ಲೈನಿನಲ್ಲೇ ಇದ್ದಳು.

"ವಯಸ್ಸೆಷ್ಟು?"

"ನನಗಾ?"

"ಹಕ್ಕಿಗೆ ಸಾರ್."

"ಹತ್ತೊಂಬತ್ತು. ಇಲ್ಲ, ಇಪ್ಪತ್ತಿರಬೇಕು."

"ಮೊದಲು ಯಾವತ್ತಾದ್ರೂ ರೆಕ್ಕೆ ಮುರಿದಿತ್ತಾ? ಯಾವುದಾದ್ರೂ ಔಷಧಿ ಆಗಿಬರಲ್ವಾ?"

ಬೈಂಡರನಿಗೆ ಗೊತ್ತಿರಲಿಲ್ಲ.

"ಯಾರಿಗೆ ಗೊತ್ತೋ ಅವರನ್ನ ಕೇಳಿಟ್ಟುಕೊಳ್ಳಿ. ಇಷ್ಟು ವಯಸ್ಸಾದ ಹಕ್ಕಿಗೆ ಅದೆಲ್ಲ ಬೇಕಾಗುತ್ತೆ" ಎಂದು ಅವಳು ಫೋನಿಟ್ಟಳು.

ಯಾರಿಗೆ ಗೊತ್ತೋ ಅವಳ ನಂಬರು ಬೈಂಡರನಿಗೆ ಬಾಯಿಪಾಠವಿತ್ತು. ಆದರೂ ಬೆರಳು ಮುಂದೆ ಹೋಗಲಿಲ್ಲ. ಅವಳು ಹೋದದ್ದು ಜಗಳವಾಡಿಕೊಂಡಲ್ಲ. ಅವಳ ತಾಯಿ ಹಾಸಿಗೆ ಹಿಡಿದಿದ್ದರು, ಎರಡು ತಿಂಗಳು ನೋಡಿಕೊಂಡು ಬರುತ್ತೇನೆಂದು ಹೋದಳು. ಹಕ್ಕಿಯ ರೆಕ್ಕೆಯಿಂದ ಉದುರುವ ಪುಡಿ ತಾಯಿಯ ಉಬ್ಬಸಕ್ಕೆ ಆಗುವುದಿಲ್ಲವೆಂದು ಮೇಷ್ಟ್ರನ್ನು ಇಲ್ಲೇ ಬಿಟ್ಟಳು. ಎರಡು ತಿಂಗಳು ನಾಲ್ಕು ವರ್ಷವಾಯಿತು. ಅಷ್ಟರಲ್ಲಿ ಅಲ್ಲಿನ ಶಾಲೆಯ ಪ್ರಯೋಗಾಲಯದಲ್ಲಿ ಅವಳಿಗೊಂದು ಕೆಲಸವೂ ಸಿಕ್ಕಿತ್ತು. ತಾಯಿ ತೀರಿಕೊಂಡ ದಿನ ಬೈಂಡರ್ ಹೋಗಿದ್ದ. ನೆಂಟರ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, ಸಂಜೆಯ ಕಡೇ ಬಸ್ಸಿಗೆ ವಾಪಸು ಬಂದಿದ್ದ. ಅದಾದ ಮೇಲಿನ ಏಳು ವರ್ಷದಲ್ಲಿ ಯಾವುದಾದರೂ ಕಾಗದಕ್ಕೆ ಸಹಿ ಬೇಕಾದಾಗ ಒಂದೆರಡು ಮೆಸೇಜು, ಅಷ್ಟೇ. ಅವಳಾಗಿ ಬರಲಿ ಎಂದು ಅವನು ಕಾದ. ಕಾಯುವುದೇ ಒಂದು ಅಭ್ಯಾಸವಾಯಿತು, ಆಮೇಲೆ ಅದನ್ನು ಯಾರಿಗೂ ಹೇಳುವಂತೆಯೂ ಇರಲಿಲ್ಲ.

ಕಡೆಗೂ ಫೋನ್ ಮಾಡಿದ. ಎರಡನೇ ರಿಂಗಿಗೇ ಎತ್ತಿದಳು.

"ನಾನು" ಎಂದ.

"ಗೊತ್ತಾಯ್ತು. ಏನಾಯ್ತು?"

"ಮೇಷ್ಟ್ರು ಬಿದ್ದುಬಿಟ್ರು. ರೆಕ್ಕೆಯಿಂದ ರಕ್ತ ಬಂತು. ಈಗ ನಿಂತಿದೆ."

ತಕ್ಷಣ ಅವಳ ದನಿ ಹಳೆಯ ದನಿಯೇ ಆಯಿತು, ಒಲೆಯ ಮುಂದಿನಿಂದ ಅಂಗಡಿಗೆ ಕೂಗುತ್ತಿದ್ದ ದನಿ.

"ಬಾಯಿ ತೆರೆದು ಉಸಿರಾಡ್ತಿದ್ಯಾ, ಮುಚ್ಚಿಕೊಂಡಾ?"

"ಮುಚ್ಚಿಕೊಂಡು."

"ಬಾಲ ಮೇಲೆ ಕೆಳಗೆ ಆಡ್ತಿದ್ಯಾ?"

"ಸ್ವಲ್ಪ."

"ಎಲ್ಲಿ ಇಟ್ಟಿದ್ದೀರ? ಅಂಗಡಿಯಲ್ಲಾ? ರೀ, ಆ ಅಂಟಿನ ವಾಸನೆಯಲ್ಲಿ ಇಡಬೇಡಿ, ಹಿಂದಿನ ರೂಮಿಗೆ ತಗೊಂಡು ಹೋಗಿ. ಪಂಜರ ಬೇಡ, ಹತ್ತೋಕೆ ನೋಡಿ ಇನ್ನೊಂದ್ಸಲ ಬೀಳುತ್ತೆ. ಒಂದು ಡಬ್ಬ ಮಾಡಿ. ನೀವು ಡಬ್ಬ ಮಾಡೋದರಲ್ಲಿ ಹುಷಾರಲ್ವಾ?"

"ವಯಸ್ಸು ಕೇಳಿದ್ರು. ಇಪ್ಪತ್ತು ಅಂದೆ."

"ಇಪ್ಪತ್ತೆರಡು. ನಮ್ಮ ಮದುವೆಯಾದ ಆರನೇ ವರ್ಷ ತಂದಿದ್ದು. ನಿಮಗೆ ಯಾವುದು ನೆನಪಿರುತ್ತೆ!" ಅವಳು ಬೈದದ್ದು ಬೈಂಡರನ ಕಿವಿಗೆ ಹಿತವಾಗಿತ್ತು. "ಎಡಗಡೆ ರೆಕ್ಕೆ ಒಂದ್ಸಲ ಕಿಟಕಿಗೆ ಬಡಿದು ಉಳುಕಿತ್ತು, ಬಲಗಡೇದಕ್ಕೆ ಯಾವತ್ತೂ ಏನೂ ಆಗಿಲ್ಲ. ಆಗ ಕೊಟ್ಟ ಔಷಧಿಗೆ ಎರಡು ದಿನ ವಾಂತಿ ಮಾಡಿಕೊಂಡಿತ್ತು. ಚೀಟಿ ನನ್ನ ಹತ್ರ ಇದೆ, ಹುಡುಕಿ ಹೆಸರು ಕಳಿಸ್ತೀನಿ."

ಆ ಚೀಟಿಯನ್ನು ಅವಳು ಇಷ್ಟು ವರ್ಷ ಇಟ್ಟುಕೊಂಡಿದ್ದಾಳೆ ಎಂಬ ಮಾತು ಅವನ ಮನಸ್ಸಿನಲ್ಲೇ ಕೂತಿತು.

ಬೈಂಡರ್ ಪುಸ್ತಕದ ರಟ್ಟು ತೆಗೆದುಕೊಂಡು ಡಬ್ಬ ಮಾಡಿದ. ಅಂಟು ಹಾಕುವಂತಿಲ್ಲವಾದ್ದರಿಂದ ಮೂಲೆಗಳನ್ನು ದಪ್ಪ ದಾರದಲ್ಲಿ ಹೊಲಿದ. ದಬ್ಬಳದಲ್ಲಿ ಗಾಳಿಗೆ ತೂತು ಮಾಡಿದ. ಉಗುರು ಸಿಕ್ಕಿಕೊಳ್ಳದ ಹಾಗೆ ತಳಕ್ಕೆ ನಯವಾದ ಕಾಗದ ಹಾಸಿದ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಒಂದು ಬದಿಗೆ ಮಾತ್ರ ಇಟ್ಟ. ಸೆಕೆಯಾದರೆ ಹಕ್ಕಿ ಇನ್ನೊಂದು ಬದಿಗೆ ಸರಿದುಕೊಳ್ಳಬೇಕು ಎಂದು ಅವಳು ಹೇಳಿದ್ದಳು. ಕಾಳಿನ ತಟ್ಟೆ, ನೀರಿನ ತಟ್ಟೆ ಎರಡೂ ಕೊಕ್ಕಿಗೆ ಎಟುಕುವಷ್ಟು ತಗ್ಗಾಗಿದ್ದವು. ಮೇಷ್ಟ್ರು ಒಳಗೆ ಮೈಯುಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತರು.

ಅವಳು ಸಂಜೆ ಆರಕ್ಕೆ ಫೋನ್ ಮಾಡಿದಳು. ಭಾನುವಾರ ಬೆಳಗ್ಗೆ ಏಳಕ್ಕೆ, ಹತ್ತಕ್ಕೆ, ಒಂದಕ್ಕೆ ಮಾಡಿದಳು. ಹಿಕ್ಕೆ ಯಾವ ಬಣ್ಣ, ಎಷ್ಟು ಸಲ, ತೂಕ ಎಷ್ಟು ಎಂದು ಕೇಳಿದಳು. ಅವನು ಅಂಟಿನ ಪುಡಿ ತೂಗುವ ತಕ್ಕಡಿಯನ್ನು ತೊಳೆದು ಒರೆಸಿ, ಹಕ್ಕಿಯನ್ನು ಕೂರಿಸಿ, "ಎಂಬತ್ತೆರಡು ಗ್ರಾಂ" ಎಂದ. ಒಂದೊಂದು ಸಲವೂ ಹಕ್ಕಿಯ ವಿಷಯ ಮುಗಿದ ಮೇಲೆ ಮಾತು ಒಂದು ನಿಮಿಷ ಹೆಚ್ಚಿಗೆ ಉಳಿಯುತ್ತಿತ್ತು. ಊಟ ಆಯ್ತಾ ಎಂದು ಅವಳು ಕೇಳಿದಳು. ಮೊಣಕಾಲು ನೋವು ಹೇಗಿದೆ ಎಂದು ಅವನು ಕೇಳಿದ. ಫೋನು ಕೆಳಗಿಟ್ಟ ಮೇಲೆ ಗಡಿಯಾರ ನೋಡುತ್ತಿದ್ದ. ಹಕ್ಕಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಗಡಿಯಾರವನ್ನು ನೋಡುತ್ತಿದ್ದೇನೆ ಎಂದು ಗೊತ್ತಾದಾಗ ನಾಚಿಕೆಯಾಯಿತು.

ಭಾನುವಾರ ನಾಲ್ಕು ಗಂಟೆಗೆ ಮೇಷ್ಟ್ರು ಎದ್ದು ಬಂದು ನವಣೆಯ ತೆನೆಯಿಂದ ಕಾಳು ಸುಲಿದು ತಿಂದರು. ನೀರು ಕುಡಿದರು. ತಲೆ ಓರೆ ಮಾಡಿ ಬೈಂಡರನನ್ನು ನೋಡಿದರು. ಅವನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಇನ್ನು ಅವಳು ಯಾತಕ್ಕೆ ಫೋನ್ ಮಾಡುತ್ತಾಳೆ?

ಐದಕ್ಕೆ ಫೋನ್ ಬಂತು.

"ರೀ, ನನಗೆ ಯಾಕೋ ಸಮಾಧಾನ ಇಲ್ಲ. ಏನೂ ತಿಂದಿಲ್ಲ ಅಂದ್ರಲ್ಲ ಬೆಳಗ್ಗೆ. ಆರು ಗಂಟೆ ಬಸ್ಸಿದೆ. ಬರಲಾ?"

ಇಲ್ಲ, ಇನ್ನೂ ತಿಂದಿಲ್ಲ ಎಂದರೆ ಸಾಕು, ಅವಳು ಬಸ್ ಹತ್ತುತ್ತಾಳೆ. ಈ ಬಾಗಿಲು ತಳ್ಳಿ ಒಳಗೆ ಬರುತ್ತಾಳೆ. ಹನ್ನೊಂದು ವರ್ಷದಿಂದ ಅವನು ಕೇಳಬೇಕೆಂದಿದ್ದ ಮಾತನ್ನು ಅವಳೇ ಕೇಳಿಬಿಟ್ಟಿದ್ದಳು. ಆದರೆ ಆ ಆರು ಗಂಟೆಗಳ ಪ್ರಯಾಣದುದ್ದಕ್ಕೂ ಅವಳು ಹಕ್ಕಿ ಸಾಯುತ್ತಿದೆ ಎಂದುಕೊಂಡು ಕೂತಿರಬೇಕಲ್ಲ.

"ತಿಂತು" ಎಂದ. "ಈಗ ಒಂದು ಗಂಟೆ ಮುಂಚೆ. ಅರ್ಧ ತೆನೆ. ನೀರೂ ಕುಡೀತು."

"ಹೌದಾ?" ಎಂದಳು. ಅವಳು ಮೂಗೆಳೆದುಕೊಂಡದ್ದು ಕೇಳಿಸಿತು. "ಸದ್ಯ. ಸರಿ ಹಾಗಾದ್ರೆ."

"ಸರಿ."

ಅವನು ಫೋನಿಟ್ಟು ಕತ್ತಲಾಗುವ ತನಕ ಹಿಂದಿನ ರೂಮಿನ ನೆಲದ ಮೇಲೆ ಕೂತಿದ್ದ. ದೀಪ ಹಾಕಲೂ ಏಳಲಿಲ್ಲ.

ಸೋಮವಾರ ಬೆಳಗ್ಗೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದ. ಗುಂಡಿ ಬಂದಲ್ಲೆಲ್ಲ ಡ್ರೈವರನ ಬೆನ್ನು ತಟ್ಟಿದ್ದಕ್ಕೆ ಅವನು, "ಒಳಗೇನು ಸಾರ್, ಗಾಜಿನ ಸಾಮಾನಾ?" ಎಂದ. ಡಾಕ್ಟರಮ್ಮ ಸಾವಧಾನವಾಗಿ ರೆಕ್ಕೆ ಬಿಡಿಸಿ, ಮೂಳೆಯ ಉದ್ದಕ್ಕೂ ಬೆರಳಾಡಿಸಿದರು. ಮೂಳೆ ಮುರಿದಿಲ್ಲ, ಬೆಳೆಯುತ್ತಿದ್ದ ಹೊಸ ಗರಿ ಬುಡದಲ್ಲಿ ಮುರಿದಿದೆ, ಅದಕ್ಕೇ ಅಷ್ಟು ರಕ್ತ ಎಂದರು. ಬೈಂಡರ್ ಔಷಧಿಯ ಹೆಸರಿದ್ದ ಮೆಸೇಜು ತೋರಿಸಿದ.

"ಒಳ್ಳೇದಾಯ್ತು ತೋರಿಸಿದ್ದು. ಅದನ್ನೇ ಬರೀತಿದ್ದೆ" ಎಂದು ಅವರು ಬೇರೆಯದನ್ನು ಬರೆದರು. "ಎರಡೂ ಕಣ್ಣಿಗೆ ಪೊರೆ ಬಂದಿದೆ. ಅಂದಾಜು ತಪ್ಪಿ ಬಿದ್ದಿರೋದು ಅದಕ್ಕೇ. ಇನ್ನು ಹಾರಾಟ ಬೇಡ, ನಡೆದು ಹತ್ತೋ ಹಾಗೆ ಏನಾದ್ರೂ ಮಾಡಿಕೊಡಿ. ಚೆನ್ನಾಗಿ ನೋಡಿಕೊಂಡಿದ್ದೀರ. ಮನೆಯಲ್ಲಿ ಯಾರು ಹೇಳಿಕೊಟ್ರು?"

"ನನ್ನ ಹೆಂಡತಿ" ಎಂದ ಬೈಂಡರ್. ಆ ಪದವನ್ನು ಬಾಯಲ್ಲಿ ಆಡದೆ ಬಹಳ ಕಾಲವಾಗಿತ್ತು.

ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಅವಳಿಗೆ ಎಲ್ಲ ಹೇಳಿದ. ಹೇಳುವುದು ಮುಗಿದಾಗ ಇನ್ನೇನೂ ಉಳಿದಿರಲಿಲ್ಲ. ಅವಳೇ ಹೇಳಿದಳು:

"ಗುರುವಾರ ಶಾಲೆಗೆ ರಜ. ಬಂದು ನೋಡಿಕೊಂಡು ಹೋಗ್ತೀನಿ. ಚೆನ್ನಾಗಿರೋವಾಗ್ಲೇ ಬಂದು ನೋಡಬಾರದು ಅಂತೇನಿಲ್ವಲ್ಲ."

ಗುರುವಾರದೊಳಗೆ ಬೈಂಡರ್ ನೆಲದಿಂದ ಪಂಜರಕ್ಕೆ, ಪಂಜರದಿಂದ ಮೇಜಿಗೆ ಇಳಿಜಾರು ಹಲಗೆಗಳನ್ನು ಕಟ್ಟಿದ. ಕಾಲು ಜಾರದಿರಲಿ ಎಂದು ಮೇಲೆ ಒರಟು ಬಟ್ಟೆ ಹೊಲಿದ. ಅವಳು ಹನ್ನೆರಡರ ಹೊತ್ತಿಗೆ ಬಂದಳು. ಮುಂಗೂದಲು ಪೂರಾ ಬೆಳ್ಳಗಾಗಿತ್ತು. ಚಪ್ಪಲಿ ಬಿಟ್ಟವಳೇ ನೆಲದ ಮೇಲೆ ಕೂತು, ಹೆಸರು ಕರೆದು ಬೆರಳು ಚಾಚಿದಳು. ಮೇಷ್ಟ್ರು ಹಲಗೆಯ ಮೇಲೆ ನಿಧಾನವಾಗಿ ಇಳಿದು ಬಂದು, ತಲೆ ಓರೆ ಮಾಡಿ ಕೇಳಿಸಿಕೊಂಡು, ಬೆರಳನ್ನು ಬಲವಾಗಿ ಕಚ್ಚಿದರು.

"ಅಯ್ಯೋ! ಗುರುತೇ ಸಿಗಲಿಲ್ವಾ ನಿನಗೆ?"

"ಗುರುತು ಸಿಕ್ಕಿದ್ದಕ್ಕೇ ಕಚ್ಚಿರೋದು" ಎಂದ ಬೈಂಡರ್.

ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತ ಮೇಲೆ ಬೆರಳು ಉಜ್ಜಿಕೊಳ್ಳುತ್ತ, ಅವನ ಮುಖ ನೋಡದೆ ಹೇಳಿದಳು:

"ಅಮ್ಮ ಹೋದ ದಿನ ನೀವು 'ನಡಿ ಹೋಗೋಣ' ಅಂತೀರ ಅಂತ ಬ್ಯಾಗು ತುಂಬಿಟ್ಟಿದ್ದೆ."

"ನೀನು 'ಉಳ್ಕೊಳ್ಳಿ' ಅಂತೀಯ ಅಂತ ನಾನು ಕಡೇ ಬಸ್ಸಿನ ತನಕ ಕೂತಿದ್ದೆ" ಎಂದ ಬೈಂಡರ್.

ಆಮೇಲೆ ಇಬ್ಬರೂ ಊಟ ಮಾಡಿದರು. ಅವಳು ಮೇಷ್ಟ್ರಿಗೆ ಔಷಧಿ ಕುಡಿಸುವುದನ್ನು ಕೊಕ್ಕಿನ ಬದಿಯಿಂದ ಒಂದೊಂದೇ ಹನಿಯಾಗಿ ತೋರಿಸಿಕೊಟ್ಟಳು. ಮರುದಿನ ಶಾಲೆಯಿತ್ತು, ನಾಲ್ಕರ ಬಸ್ಸಿಗೆ ಹೊರಟಳು. ಬೈಂಡರ್ ಜೊತೆಗೆ ಹೋದ.

ಬಸ್ಸಿನ ಬಾಗಿಲ ಬಳಿ ಅವಳು ತಿರುಗಿದಳು. "ಮುಂದಿನ ಸಲ ಬರೋದಾದ್ರೆ, ಇವತ್ತು ಬಂದಿದ್ದಕ್ಕಿಂತ ಬೇಗ ತಲುಪೋ ಬಸ್ಸು ಯಾವುದಾದ್ರೂ ಇದ್ಯಾ?"

"ನಿಮ್ಮ ಕಡೆಯಿಂದ ಬೆಳಗ್ಗೆ ಐದೂ ಇಪ್ಪತ್ತಕ್ಕೆ ಒಂದು ಹೊರಡುತ್ತೆ, ಭಾನುವಾರ ಇರಲ್ಲ. ಆರೂವರೇದು ಸುತ್ತಿಕೊಂಡು ಬರುತ್ತೆ, ಅದು ಬೇಡ. ಹೋದ ವರ್ಷದಿಂದ ಶನಿವಾರ ಮಧ್ಯಾಹ್ನ ಎರಡಕ್ಕೆ ಒಂದು ಹೊಸದು ಬಿಟ್ಟಿದ್ದಾರೆ. ಅದಕ್ಕೆ ಹತ್ತಿದ್ರೆ ಏಳಕ್ಕೆಲ್ಲ ಇಲ್ಲಿರಬಹುದು."

ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡೇ ನಿಂತಳು. "ನೀವು ಏಳು ವರ್ಷದಿಂದ ಆ ಕಡೆ ತಲೆನೇ ಹಾಕಿಲ್ಲ. ಇದೆಲ್ಲ ಹೇಗೆ ಗೊತ್ತು?"

ಕಂಡಕ್ಟರ್ ಸೀಟಿ ಊದಿದ. ಅವಳು ಒಳಗೆ ಹೋಗಿ ಕಿಟಕಿಯ ಪಕ್ಕ ಕೂತಳು, ಗಾಜು ಸರಿಸಿದಳು.

"ಶನಿವಾರದ್ದು" ಎಂದಳು.