ಲ್ಯುನಾತೀಕ್

ಪರದೆಯ ಮೇಲೆ ಫ್ರೆಂಚ್ ಗ್ರಾಹಕಿ ಕ್ಲೇರ್‌ಳ ತುಟಿ ಮೊದಲು ಅಲುಗುತ್ತದೆ, ಮಾತು ಆಮೇಲೆ ಬರುತ್ತದೆ, ಮಾಲಾ ಒಳ್ಳೆ ಕೆಲಸಗಾರ್ತಿ, ಆದರೆ ಸ್ವಲ್ಪ ಲ್ಯುನಾತೀಕ್ — ಗಳಿಗೆಗೊಂದು ಬುದ್ಧಿ ಅಂತ ಅರ್ಥ, ದುಭಾಷಿ ರಕ್ಷಿತಾಳಿಗೆ ಗೊತ್ತು, ಇಂಗ್ಲಿಷಿನಲ್ಲಿ ಮೂಡಿ, ಟೆಂಪರಮೆಂಟಲ್, ದಾವಣಗೆರೆಯ ಅಜ್ಜಿಯಾದರೆ ಚಂಚಲೆ ಎಂದು ನಕ್ಕುಬಿಡುತ್ತಿದ್ದಳು, ಚಂದ್ರನ ಹಾಗೆ ದಿನಕ್ಕೊಂದು ಮುಖ, ಅಷ್ಟೇ. ಏನಂದ್ರು ರಕ್ಷಿತಾ, ಮೈಕ್ ಮ್ಯೂಟ್ ಮಾಡಿ ಮ್ಯಾನೇಜರ್ ಶಶಿಕುಮಾರ್ ಕೇಳುತ್ತಿದ್ದಾರೆ, ಮಾಲಾಳನ್ನು ಟೀಮ್ ಲೀಡ್ ಮಾಡುವುದೋ ಬೇಡವೋ ಇವತ್ತೇ ತೀರ್ಮಾನ, ಅವರಿಗೆ ಫ್ರೆಂಚ್ ಬಾರದು, ಎದುರು ಕೂತ ಮಾಲಾಳಿಗೂ ಬಾರದು, ಎಲ್ಲರ ಕಣ್ಣೂ ದುಭಾಷಿಯ ಮೇಲೆ. ಮಾಲಾ, ರಕ್ಷಿತಾ ಬಾಡಿಗೆಗಿರುವ ವರ್ತೂರಿನ ಮನೆ ಓನರ್ ಲಕ್ಷ್ಮಮ್ಮನ ಮಗಳು, ನಿನ್ನೆ ಅವರೆಕಾಳು ಸಾರು ತಂದಿಟ್ಟು ತಿನ್ನೇ, ಸೊರಗಿ ಹೋಗಿದ್ದೀಯ ಅಂದವಳು, ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಎಲ್ಲರೆದುರು, ನೀರೇನು ನಿಮ್ಮಪ್ಪನ ಬೋರ್‌ವೆಲ್ಲಾ, ಬಾಡಿಗೆಯವ್ರು ಬಾಡಿಗೆಯವ್ರ ಥರ ಇರ್ಬೇಕು ಕಣೇ — ರಕ್ಷಿತಾಳ ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ಅದು ಗೊತ್ತಿದ್ದೂ. ಮಧ್ಯಾಹ್ನ ಏನೂ ಆಗದವಳ ಹಾಗೆ ತೋಳು ಹಿಡಿದು ಎಳೆದಳು, ಕಾಫಿಗೆ ಬಾರೇ. ಹೋದೆನಲ್ಲ, ನಕ್ಕೆನಲ್ಲ, ಥೂ. ಹಿಂದೊಂದು ಸಂಜೆ ತಾರಸಿಯಲ್ಲಿ ಬಟ್ಟೆ ತೆಗೆಯುತ್ತ ಇದೇ ಮಾಲಾ ಅಂದಿದ್ದಳು, ನಮ್ಮಜ್ಜಿ ಮಾರಕ್ಕಂಗೆ ಹುಚ್ಚು ಹಿಡ್ದಿತ್ತು, ಮಣಿಕಟ್ಟಿಗೆ ಹಗ್ಗ ಕಟ್ಟಿ ಕೊಟ್ಟಿಗೇಲಿ ಕೂಡಿಹಾಕಿದ್ರು, ನಂಗೂ ಹಂಗೇ ಆಗ್ಬಿಡುತ್ತೇನೋ ಅಂತ ಭಯ ಕಣೇ, ಯಾರ್ಗೂ ಹೇಳ್ಬೇಡ. ಹೇಳಲ್ಲ ಅಂದಿದ್ದಳು ರಕ್ಷಿತಾ, ಹೇಳಿಲ್ಲ, ಈಗಲೂ ಹೇಳುತ್ತಿಲ್ಲ, ಒಂದು ಪದವನ್ನು ಈ ದಡದಿಂದ ಆ ದಡಕ್ಕೆ ದಾಟಿಸುತ್ತಿದ್ದಾಳೆ, ಅಷ್ಟೇ — ಲುನಾಟಿಕ್ ಅಂತಿದ್ದಾರೆ ಸಾರ್. ಅಂದ್ರೆ? ಹುಚ್ಚಿ ಅಂತ, ತಲೆ ಸರಿಯಿಲ್ಲ, ಜವಾಬ್ದಾರಿ ಕೊಡೋಕೆ ಭಯ ಆಗುತ್ತಂತೆ. ಕೊನೆಯದು ಯಾರೂ ಆಡದ ಮಾತು, ನಾಲಿಗೆ ತಾನೇ ಕೂಡಿಸಿತು, ಎಷ್ಟು ಸಲೀಸು, ಬಾಯಿ ಸಿಹಿಯಾದಂತೆ. ಹಾಗಾದ್ರೆ ಲೀಡ್ ಬೇಡ ಬಿಡಿ, ಶಶಿಕುಮಾರ್ ಲ್ಯಾಪ್‌ಟಾಪಿನತ್ತ ತಿರುಗಿದರು, ಪರದೆಯಲ್ಲಿ ಕ್ಲೇರ್ ಏನೊಂದೂ ತಿಳಿಯದೆ ನಗುತ್ತಿದ್ದಾಳೆ. ಕಿರುಚು ಮಾಲಾ, ಮೇಜು ಗುದ್ದು, ಕಿರುಚಿದರೆ ಮಾತು ನಿಜವಾಗುತ್ತದೆ, ನಾನು ಗೆಲ್ಲುತ್ತೇನೆ — ಮಾಲಾ ಕಿರುಚಲಿಲ್ಲ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದಳು, ಹೆಬ್ಬೆರಳಿನಿಂದ ಸುತ್ತಲೂ ಮೆಲ್ಲಗೆ ತಡವಿದಳು, ನಿಂಗೂ ಹಂಗೇ ಅನ್ಸುತ್ತಾ ರಕ್ಷಿ. ಅನ್ನಿಸಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಸಾರ್, ಮುಂದಿನ ವಿಷಯಕ್ಕೆ ಹೋಗೋಣ್ವಾ, ಅಂದಳು ರಕ್ಷಿತಾ. ಮೀಟಿಂಗ್ ಮುಗಿದಿದೆ, ಕುರ್ಚಿಗಳು ಖಾಲಿಯಾಗಿವೆ, ಯಾರೋ ದೀಪ ಆರಿಸಿದ್ದಾರೆ, ರಕ್ಷಿತಾ ಇನ್ನೂ ಎದ್ದಿಲ್ಲ, ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ, ಮಣಿಕಟ್ಟು, ಅದನ್ನು ತಡವುವ ಹೆಬ್ಬೆರಳು, ಮಣಿಕಟ್ಟು, ಹೆಬ್ಬೆರಳು, ಮಣಿಕಟ್ಟು