ಇಪ್ಪತ್ತಕ್ಕೆ ಸೊನ್ನೆ

'ಎನರ್ವೇಟ್' ಎಂಬ ಇಂಗ್ಲಿಷ್ ಪದವನ್ನು ಹುಟ್ಟಿಸಿದವನು ಕೈಗೆ ಸಿಕ್ಕಿದ್ದರೆ ಅವನನ್ನು ನನ್ನ ಮೇಜಿನ ಮೇಲೆ ಮಲಗಿಸಿ ಮೊಣಕಾಲನ್ನು ನೂರು ಸಲ ಮಡಿಸಿ ಬಿಡಿಸುತ್ತಿದ್ದೆ. ಕಿವಿಗೆ ಬಿದ್ದರೆ ಯಾರೋ ಮೈಗೆ ಶಕ್ತಿ ತುಂಬುತ್ತಿದ್ದಾರೆ ಅನ್ನಿಸುತ್ತದೆ. ನಿಘಂಟು ತೆಗೆದರೆ ಇದ್ದ ಶಕ್ತಿಯನ್ನೂ ಹೀರಿಕೊಳ್ಳುವುದು ಅಂತ ಇದೆ. ನಾನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಆಪರೇಷನ್ ಆದ ಕಾಲುಗಳನ್ನು ಮತ್ತೆ ನಡೆಸುವುದು ನನ್ನ ಕೆಲಸ. ಅದಕ್ಕೂ ಈ ಹಾಳು ಪದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಸ್ನಾತಕೋತ್ತರ ಓದಿಗೆ ಸೀಟು ಬೇಕಾದರೆ ಒಂದು ಪ್ರವೇಶ ಪರೀಕ್ಷೆ ಬರೆಯಲೇಬೇಕು, ಆ ಪರೀಕ್ಷೆಯಲ್ಲಿ ಇಂಥ ಪದಗಳು ಹೊಂಚು ಹಾಕಿ ಕೂತಿರುತ್ತವೆ.

ಪದಗಳು ಹಾಗಿರಲಿ, ತರ್ಕದ ಭಾಗ ಇನ್ನೂ ದೊಡ್ಡ ತಲೆನೋವು. ಯಾವುದೋ ಊರಿನ ಮೇಯರು ಬೀದಿದೀಪ ಹೆಚ್ಚಿಸಿದ್ದರಿಂದ ಕಳ್ಳತನ ಕಡಿಮೆಯಾಯಿತು ಅನ್ನುತ್ತಾನೆ. ಅವನ ವಾದವನ್ನು ಎಲ್ಲಕ್ಕಿಂತ ಹೆಚ್ಚು ದುರ್ಬಲಗೊಳಿಸುವ ಹೇಳಿಕೆ ಯಾವುದು? ಕೆಳಗೆ ಐದು ಆಯ್ಕೆ. ಐದೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ನಾನು ಕಣ್ಣಾರೆ ಕಂಡ ಲೋಕದ ವಿಷಯ ತರುವಂತಿಲ್ಲ, ಕೊಟ್ಟಿರುವ ಸಾಲುಗಳಲ್ಲಿ ಇರುವುದಷ್ಟೇ ಸತ್ಯ. ಮೇಯರು ಸುಳ್ಳ ಅಂತ ನನಗೆ ಗೊತ್ತು. ಹಾಗಂತ ಬರೆಯಲು ಜಾಗವಿಲ್ಲ.

ರೋಗಿಯ ಕಾಲು ಹಿಡಿದು 'ಮಡಿಸಿ, ಬಿಡಿ' ಅನ್ನುತ್ತಲೇ ಮನಸ್ಸಿನಲ್ಲಿ ಪದಗಳನ್ನು ಉರುಹೊಡೆಯುತ್ತಿದ್ದೆ. ಹೊಸ ಮೊಣಕಾಲು ಹಾಕಿಸಿಕೊಂಡಿದ್ದ ನಿವೃತ್ತ ಹೆಡ್‌ಮಾಸ್ಟರೊಬ್ಬರು ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟರು: "ಹತ್ತು ಸಲ ಅಂದ್ರಿ, ಇಪ್ಪತ್ತು ದಾಟ್ತು. ನೀವು ಎಣಿಸ್ತಾ ಇದ್ದೀರೋ, ಜಪ ಮಾಡ್ತಾ ಇದ್ದೀರೋ?"

ಈ ಪರೀಕ್ಷೆಯ ಹುಚ್ಚು ನನಗೊಬ್ಬನಿಗೇ ಅಲ್ಲ, ನನ್ನ ಹೆಂಡತಿಗೂ ಹಿಡಿದಿತ್ತು. ಅವಳು ಅದೇ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಫಾರ್ಮಸಿಸ್ಟ್. ಡಾಕ್ಟರುಗಳ ಅಕ್ಷರ ಓದಿ ಓದಿ ಅವಳಿಗೆ ಯಾವ ಲಿಪಿಯೂ ಕಷ್ಟವಲ್ಲ. ಇಬ್ಬರಿಗೂ ದೂರದ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದುವ ಆಸೆ. ಆದರೆ ಇಬ್ಬರೂ ಕೆಲಸ ಬಿಟ್ಟು ಹೊರಟರೆ ಬಾಡಿಗೆ ಕಟ್ಟುವವರು ಯಾರು, ನಮ್ಮ ಜೊತೆಯಲ್ಲಿರುವ ಅವಳ ತಾಯಿಯನ್ನು ನೋಡಿಕೊಳ್ಳುವವರು ಯಾರು? ಹಾಗಾಗಿ ಒಂದು ಒಪ್ಪಂದ ಮಾಡಿಕೊಂಡೆವು. ಇಬ್ಬರೂ ಪರೀಕ್ಷೆ ಬರೆಯುವುದು, ಹೆಚ್ಚು ಅಂಕ ಬಂದವರು ಹೋಗುವುದು, ಇನ್ನೊಬ್ಬರು ಮನೆ ನಡೆಸುವುದು. ಇದನ್ನು ಸೂಚಿಸಿದವನು ನಾನೇ. ಎಷ್ಟು ನ್ಯಾಯವಂತ ನೋಡಿ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೂ ಇದ್ದೆ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಅಭ್ಯಾಸದ ಪರೀಕ್ಷೆ. ನಲವತ್ತು ಪ್ರಶ್ನೆ: ಬಿಟ್ಟ ಸ್ಥಳಕ್ಕೆ ಪದ ತುಂಬುವುದು ಇಪ್ಪತ್ತು, ಗದ್ಯ ಓದಿ ತರ್ಕ ಮಾಡುವುದು ಇಪ್ಪತ್ತು. ಅಲಾರಂ ಗಡಿಯಾರ ಮಡಿಲಲ್ಲಿಟ್ಟುಕೊಂಡು ಅತ್ತೆ ಮೇಲ್ವಿಚಾರಕಿ. ಇಂಗ್ಲಿಷಿನಲ್ಲಿ ತಮ್ಮ ಹೆಸರು ಬಿಟ್ಟರೆ ಅವರಿಗೆ ಬೇರೊಂದಕ್ಷರ ಓದಲು ಬರುವುದಿಲ್ಲ. ಆದರೂ "ಪಕ್ಕ ನೋಡ್ಬೇಡಿ ಅಳಿಯಂದಿರೇ!" ಅಂತ ಗದರುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಹೆಂಡತಿ ಮೊದಲು ಗದ್ಯ ಮುಗಿಸಿ ಪದಗಳನ್ನು ಕೊನೆಗಿಟ್ಟುಕೊಳ್ಳುತ್ತಿದ್ದಳು. ನಾನು ಸಿಕ್ಕಿದ ಕಡೆ ನುಗ್ಗಿ ಅವಳಿಗಿಂತ ಮೊದಲು ಮುಗಿಸಿ, ಉತ್ತರಪತ್ರಿಕೆಯನ್ನು ಅವಳ ಪಕ್ಕದಲ್ಲಿ ಠಪ್ಪೆಂದು ಇಟ್ಟು, ಟೀ ಕಾಯಿಸಲು ಏಳುತ್ತಿದ್ದೆ. ತಿದ್ದುವವನೂ ನಾನೇ.

ಮೊದಲ ಭಾನುವಾರ ಅವಳಿಗೆ ಮೂವತ್ತಮೂರು ಬಂತು, ನನಗೆ ಇಪ್ಪತ್ತೈದು. ಆಗ ನನಗೆ ವಿಪರೀತ ತಲೆನೋವಿತ್ತು. ಆ ತಲೆನೋವು ಇನ್ನೂ ಮೂರು ದಿನ ಬಿಡಲಿಲ್ಲ, ಹಾಗಾಗಿ ಮನೆಯಲ್ಲಿ ಹೆಚ್ಚು ಮಾತಾಡಲಿಲ್ಲ, ಅಷ್ಟೇ. ಎರಡನೆಯ ಭಾನುವಾರವೂ ಅವಳದೇ ಮೇಲುಗೈ. ಅವತ್ತು ನನ್ನ ಪೆನ್ನು ಸರಿಯಿರಲಿಲ್ಲ.

ಮೂರನೆಯ ವಾರದಿಂದ ಗಾಳಿ ತಿರುಗಿತು. ಅವಳ ಅಂಕ ಇಳಿಯತೊಡಗಿತು. ನನಗೆ ಇಪ್ಪತ್ತಾರು ಬಂದರೆ ಅವಳಿಗೆ ಇಪ್ಪತ್ತನಾಲ್ಕು, ನನಗೆ ಇಪ್ಪತ್ತನಾಲ್ಕು ಬಂದರೆ ಅವಳಿಗೆ ಇಪ್ಪತ್ತೊಂದು. ನಾನು ದೊಡ್ಡ ಮನಸ್ಸು ಮಾಡಿ ಸಲಹೆ ಕೊಡಲು ಶುರುಮಾಡಿದೆ. "ನೀನು ತುಂಬಾ ಯೋಚನೆ ಮಾಡ್ತೀಯ. ಮೊದಲು ಹೊಳೆದಿದ್ದನ್ನ ಗುರುತು ಹಾಕು" ಅಂದೆ. "ಪದಗಳನ್ನ ಗುಂಪು ಮಾಡ್ಕೊಂಡು ಕಲಿ" ಅಂದೆ. ಅವಳು "ಹೂಂ ರೀ" ಅನ್ನುತ್ತಿದ್ದಳು. ಒಂದು ದಿನ ನಾನು 'ಪೆಟ್ಯುಲೆಂಟ್' ಎಂಬ ಪದದ ಜೊತೆ ಗುದ್ದಾಡುತ್ತಿದ್ದಾಗ, ಎಷ್ಟು ಸಲ ಓದಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ ಅಂತ ರೇಗಿದೆ. "ಸಣ್ಣ ಸಣ್ಣದಕ್ಕೂ ಮುನಿಸಿಕೊಳ್ಳೋರು ಅಂತ ರೀ" ಅಂದಳು ಅವಳು, ಔಷಧದ ಚೀಟಿ ಓದುವಷ್ಟು ಸಲೀಸಾಗಿ. ಅತ್ತೆಗೆ ಯಾಕೋ ಕೆಮ್ಮು ಬಂದು ಎದ್ದು ಒಳಗೆ ಹೋದರು.

ನಿಜವಾದ ಪರೀಕ್ಷೆಗೆ ಎರಡು ವಾರ ಉಳಿದಿದ್ದಾಗ ಆ ದರಿದ್ರ ಭಾನುವಾರ ಬಂತು. ಮೇಲಿನ ಮನೆಯವನು ಬೆಳಬೆಳಿಗ್ಗೆಯೇ ಡ್ರಿಲ್ ಹಿಡಿದು ಗೋಡೆ ಕೊರೆಯಲು ನಿಂತಿದ್ದ. ಅವನು ಗೋಡೆ ಕೊರೆದನೋ ನನ್ನ ತಲೆಬುರುಡೆ ಕೊರೆದನೋ ಹೇಳುವುದು ಕಷ್ಟ. ಸಿಟ್ಟಿನಲ್ಲಿ ತೋಚಿದ ಕಡೆಯೆಲ್ಲ ಗುರುತು ಹಾಕಿ, ಪತ್ರಿಕೆ ಬಿಸಾಡಿ ಟೀಗೆ ಎದ್ದೆ. ಅವಳ ಪದಗಳ ಭಾಗ ಇನ್ನೂ ಪೂರ್ತಿ ಬಾಕಿಯಿತ್ತು.

ತಿದ್ದಿದಾಗ ನನಗೆ ನಲವತ್ತಕ್ಕೆ ಹನ್ನೆರಡು. ಅವಳಿಗೆ ಹನ್ನೊಂದು.

ನಾಚಿಕೆಗೇಡು ಅಂದುಕೊಂಡೆ. ಜೊತೆಗೇ ಎಳ್ಳಷ್ಟು ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳ ಪತ್ರಿಕೆಯನ್ನು ಇನ್ನೊಮ್ಮೆ ನೋಡಿದೆ. ಹನ್ನೊಂದೂ ಗದ್ಯದ ಭಾಗದಲ್ಲೇ. ಪದಗಳ ಭಾಗದಲ್ಲಿ ಇಪ್ಪತ್ತಕ್ಕೆ ಸೊನ್ನೆ. 'ಎನರ್ವೇಟ್' ಕೂಡ ತಪ್ಪು, 'ಪೆಟ್ಯುಲೆಂಟ್' ಕೂಡ ತಪ್ಪು. ಮೊನ್ನೆ ತಾನೇ ನನಗೆ ಅರ್ಥ ಹೇಳಿಕೊಟ್ಟವಳು!

ಅವಳು ಸ್ನಾನಕ್ಕೆ ಹೋಗಿದ್ದಳು. ನನಗೆ ಒಂದು ಯೋಚನೆ ಬಂತು. ಅದೇ ಪ್ರಶ್ನೆಪತ್ರಿಕೆಯ ಇನ್ನೊಂದು ಪ್ರತಿ ತೆಗೆದು, ಪದಗಳ ಭಾಗ ತೋರಿಸಿ, ಅತ್ತೆಯ ಕೈಗೆ ಪೆನ್ಸಿಲ್ ಕೊಟ್ಟೆ.

"ಅತ್ತೆ, ಒಂದೊಂದು ಸಾಲಲ್ಲೂ ಐದು ಗುಂಡು ಇದೆಯಲ್ಲ, ನಿಮಗೆ ಇಷ್ಟ ಬಂದಿದ್ದೊಂದನ್ನ ತುಂಬಿ."

"ಯಾವುದು ಅಂತ ತುಂಬಲಿ? ನನಗೇನು ಗೊತ್ತಾಗುತ್ತೆ?"

"ಗೊತ್ತಾಗದೇ ಇರೋದೇ ಬೇಕು."

ಅತ್ತೆ ನನ್ನನ್ನು ಒಂದು ಥರಾ ನೋಡಿದರು. ಆದರೂ ಕನ್ನಡಕ ಸರಿಮಾಡಿಕೊಂಡು, ಮಗುವೊಂದು ಚಿತ್ರಕ್ಕೆ ಬಣ್ಣ ತುಂಬುವ ಹಾಗೆ ನಿಧಾನವಾಗಿ ಇಪ್ಪತ್ತನ್ನೂ ತುಂಬಿದರು. ನಾನು ತಿದ್ದಿದೆ. ಐದು ಸರಿ.

"ಐದಾ? ಹಾಗಾದ್ರೆ ನಾನೂ ಪಾಸಾ?" ಅಂತ ಅತ್ತೆ ಹಿಗ್ಗಿದರು.

ನನಗೆ ನಗು ಬರಲಿಲ್ಲ. ಏನೂ ಗೊತ್ತಿಲ್ಲದವರು ಕಣ್ಣು ಮುಚ್ಚಿ ಕೈಯಿಟ್ಟರೂ ಒಂದು ನಾಲ್ಕಾದರೂ ಸರಿಯಾಗುತ್ತವೆ. ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪಾಗಬೇಕಾದರೆ ಅಷ್ಟಕ್ಕೂ ಸರಿಯುತ್ತರ ಗೊತ್ತಿರಲೇಬೇಕು. ಹುಡುಕಿ ಹುಡುಕಿ ಅದನ್ನು ಬಿಟ್ಟು ಬೇರೆಯದನ್ನು ತುಂಬಬೇಕು. ಇಷ್ಟು ದಿನ ತಲೆ ಚಚ್ಚಿಕೊಂಡರೂ ಬಾರದಿದ್ದ ತರ್ಕ ಅವತ್ತು ಒಂದೇ ಏಟಿಗೆ ಬಂತು. ನಾನು ಟೀ ಕಾಯಿಸುವಷ್ಟರಲ್ಲಿ ಅವಳು ನನ್ನ ಪತ್ರಿಕೆಯ ತಪ್ಪುಗಳನ್ನು ಮನಸ್ಸಿನಲ್ಲೇ ಎಣಿಸಿ, ಅದಕ್ಕಿಂತ ಕೆಳಗೆ ಇಳಿಯುತ್ತಿದ್ದಳು. ಅವತ್ತು ನಾನು ಎಷ್ಟು ಕೆಳಗೆ ಬಿದ್ದಿದ್ದೆ ಅಂದರೆ, ನನಗಿಂತ ಕೆಳಗಿರಲು ಅವಳಿಗೆ ಸೊನ್ನೆಯೇ ಬೇಕಾಯಿತು. ಮೈಯೆಲ್ಲ ಉರಿದುಹೋಯಿತು.

ಒದ್ದೆ ಕೂದಲು ಒರೆಸಿಕೊಳ್ಳುತ್ತಾ ಬಂದವಳ ಮುಂದೆ ಎರಡೂ ಪತ್ರಿಕೆ ಹಿಡಿದೆ. "ನಿಮ್ಮಮ್ಮನಿಗೆ ಐದು, ನಿನಗೆ ಸೊನ್ನೆ. ಇದೇನು?"

ಅವಳು ನೋಡಿದಳು. ತಾನು ಎಡವಿದ್ದೆಲ್ಲಿ ಅಂತ ಕ್ಷಣದಲ್ಲೇ ಗೊತ್ತಾಯಿತು ಅವಳಿಗೆ. "ಒಂದೆರಡು ಸರಿ ಮಾಡ್ಬೇಕಿತ್ತು. ನಿಮಗೆ ಹನ್ನೆರಡೇ ಇತ್ತಲ್ಲ, ಜಾಗವೇ ಇರ್ಲಿಲ್ಲ" ಅಂದಳು.

"ನನಗೆ ಭಿಕ್ಷೆ ಹಾಕ್ತಿದ್ದೀಯಾ? ನಾನು ಕೇಳಿದ್ನಾ? ಯಾರು ಹೆಚ್ಚು ತಗೋತಾರೋ ಅವರು ಹೋಗೋದು ಅಂತ ಮಾತಾಗಿತ್ತು ತಾನೇ?"

"ಮಾತಾಗಿತ್ತು. ಮೊದಲನೇ ಭಾನುವಾರ ನನಗೆ ಹೆಚ್ಚು ಬಂತು. ಮೂರು ದಿನ ನೀವು ಮುಖ ಊದಿಸ್ಕೊಂಡು ಕೂತ್ರಿ."

"ತಲೆನೋವಿತ್ತು ನನಗೆ!"

"ಫಾರ್ಮಸಿಯಲ್ಲಿರೋಳು ನಾನು. ಒಂದು ಮಾತ್ರೆ ಕೇಳಿದ್ರಾ?" ಅವಳು ಟವೆಲ್ಲನ್ನು ಕುರ್ಚಿಗೆ ಹಾಕಿ ಕೂತಳು. ಅವಳಿಗೂ ರೇಗಿತ್ತು, ಆದರೆ ದನಿ ಏರಲಿಲ್ಲ. "ಮನೆಯ ಮೇಜಿನ ಮೇಲೆ ಎಂಟು ಅಂಕ ಹೆಚ್ಚು ಬಂದಿದ್ದಕ್ಕೆ ಮೂರು ದಿನ. ಇನ್ನು ನಾನು ನಿಜವಾಗ್ಲೂ ಹೋಗಿಬಿಟ್ರೆ? ಓದೋದು ಎರಡು ವರ್ಷ ರೀ. ಬಂದಮೇಲೆ ನಿಮ್ಮ ಜೊತೆ ಎಷ್ಟು ವರ್ಷ ಇರ್ಬೇಕು ಲೆಕ್ಕ ಹಾಕಿ. ಸೀಟು ಇಲ್ಲದೆ ನಾನು ಬದುಕ್ತೀನಿ. ಆ ಮುಖ ನೋಡ್ಕೊಂಡು ಬದುಕೋಕಾಗಲ್ಲ."

"ನಿನಗೆ ಹೋಗೋಕೆ ಇಷ್ಟ ಇಲ್ವಾ ಹಾಗಾದ್ರೆ?"

"ಇಷ್ಟಾನಾ?" ಅಂದಳು. "ನಿಮಗಿಂತ ಹೆಚ್ಚು ಇಷ್ಟ."

"ಇಷ್ಟು ಕೀಳಾಗಿ ನೋಡ್ತೀಯಾ ನನ್ನನ್ನ!" ಅಂತ ಕೂಗಿ, ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಅತ್ತೆ ಯಾವ ಮುಲಾಜೂ ಇಲ್ಲದೆ ಹೇಳಿದ್ದು ಕೇಳಿಸಿತು: "ನೋಡು, ಶುರುವಾಯ್ತು."

ಇದಕ್ಕಿಂತ ಅಸಹ್ಯದ ಸ್ಥಿತಿ ಇನ್ನೊಂದಿದೆಯೇ? ನಾನು ಮುನಿಸಿಕೊಳ್ಳುವವನಲ್ಲ ಅಂತ ಸಾಧಿಸಲು ಮುನಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಅವಳ ವಾದವನ್ನು ದುರ್ಬಲಗೊಳಿಸುವ ಹೇಳಿಕೆ ಯಾವುದಿದೆ ಅಂತ ಹುಡುಕಿದೆ. ಒಂದೂ ಸಿಗಲಿಲ್ಲ. ಕೂತಷ್ಟೂ ಹೊತ್ತು ಅವಳ ವಾದ ಬಲವಾಗುತ್ತಲೇ ಇತ್ತು. ಮೇಲಿನ ಮನೆಯವನು ಡ್ರಿಲ್ ಹಿಡಿದುಕೊಂಡು ಇಳಿದು ಬಂದ. "ಸ್ವಲ್ಪ ಜರುಗ್ತೀರಾ?" ಅಂದ. ಜರುಗಿದೆ. ಅವನ ಮೇಲೂ ರೇಗಲು ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

ಒಳಗೆ ಹೋದೆ. ಅವಳು ಮೇಜಿನ ಹತ್ತಿರವೇ ಕೂತಿದ್ದಳು. "ನಿಜವಾದ ಪರೀಕ್ಷೆಯಲ್ಲಿ ಬೇಕು ಅಂತ ಒಂದೇ ಒಂದು ತಪ್ಪು ಮಾಡಿದ್ರೂ ನಾನು ನಿನ್ನ ಜೊತೆ ಮಾತು ಬಿಡ್ತೀನಿ" ಅಂದೆ. ಹೇಳಿದ ಮೇಲೆ ನನಗೇ ಕೇಳಿಸಿತು ಏನು ಹೇಳಿದೆ ಅಂತ. ಅವಳು ಹಣೆ ಚಚ್ಚಿಕೊಂಡಳು.

"ಮಾತು ಬಿಡಲ್ಲ" ಅಂತ ತಿದ್ದಿಕೊಂಡೆ. "ಬರಿ, ಅಷ್ಟೇ. ನೆಟ್ಟಗೆ ಬರಿ."

"ಬರೀತೀನಿ" ಅಂದಳು. ನಂಬಿಕೆಯಿಂದ ಹೇಳಿದ ಹಾಗೆ ಕಾಣಲಿಲ್ಲ.

ಪರೀಕ್ಷೆ ಬರೆದೆವು. ಒಂದೇ ಕಟ್ಟಡ, ಬೇರೆ ಬೇರೆ ಕೋಣೆ, ಎಲ್ಲರ ನಡುವೆ ಅಡ್ಡ ಹಲಗೆ. ನನ್ನ ತಪ್ಪು ಎಣಿಸಲು ಅವಳಿಗೆ ಅಲ್ಲಿ ದಾರಿಯೇ ಇರಲಿಲ್ಲ. ಹೊರಗೆ ಬಂದಾಗ ಹೇಗಾಯಿತು ಅಂತ ಕೇಳಿದೆ. ಪರವಾಗಿಲ್ಲ ಅಂದಳು. ನಾನೂ ಪರವಾಗಿಲ್ಲ ಅಂದೆ. ಫಲಿತಾಂಶ ಬರುವವರೆಗೆ ನಮ್ಮ ಮನೆಯಲ್ಲಿ ಎಲ್ಲವೂ ಪರವಾಗಿಲ್ಲ ಅನ್ನುವಂತೆಯೇ ಇತ್ತು.

ಫಲಿತಾಂಶ ಬಂದ ಸಂಜೆ ಇಬ್ಬರೂ ಒಂದೇ ಫೋನಿನ ಮುಂದೆ ಕೂತೆವು. ನನ್ನದನ್ನು ಮೊದಲು ತೆರೆದಳು. ಮೋಸವಿರಲಿಲ್ಲ, ಆ ಅಂಕಕ್ಕೆ ಎಲ್ಲಾದರೊಂದು ಕಡೆ ಸೀಟು ಸಿಗಬಹುದಿತ್ತು. ಆಮೇಲೆ ತನ್ನದನ್ನು ತೆರೆದು ಫೋನನ್ನು ನನ್ನ ಕಡೆ ತಿರುಗಿಸಿದಳು. ಒಂದೆರಡು ಅಂಕ ಹೆಚ್ಚು ಬಂದಿದ್ದರೆ ಅದೃಷ್ಟ ಅನ್ನಬಹುದಿತ್ತು. ನೂರಕ್ಕೆ ತೊಂಬತ್ತಾರು ಜನರಿಗಿಂತ ಮೇಲೆ ನಿಂತಿದ್ದಳು ಅವಳು. ನಾನು ಅರುವತ್ತರ ಹತ್ತಿರ ಎಲ್ಲೋ ಗುಂಪಿನ ನಡುವೆ ಇದ್ದೆ. ಹೊಟ್ಟೆಯೊಳಗೆ ಕಿಚ್ಚು ಎದ್ದಿದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ತಲೆನೋವು ಅನ್ನಲು ಬಾಯಿ ತೆರೆದವನು ಅವಳ ಕಡೆ ನೋಡಿದೆ.

ಅವಳು ಫೋನ್ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ, ಉಕ್ಕುವ ಮೊದಲೇ ಇಳಿಸಬೇಕು ಅಂತ ತಯಾರಾಗಿ.

"ಹೊಟ್ಟೆ ಉರೀತಿದೆ" ಅಂದೆ. "ತಲೆನೋವಲ್ಲ, ಹೊಟ್ಟೆಕಿಚ್ಚು. ಇನ್ನೂ ಎರಡು ದಿನ ಉರಿಯುತ್ತೆ ಅನ್ಸುತ್ತೆ. ಮುಖವೂ ಊದಬಹುದು. ನೀನು ಅದು ಇಳಿಯೋವರೆಗೂ ಕಾಯ್ಬೇಡ, ಈಗ್ಲೇ ಅರ್ಜಿ ಹಾಕು. ಮನೆ ನಾನು ನಡೆಸ್ತೀನಿ."

ನನ್ನ ಮುಖದಲ್ಲಿ ಇನ್ನೂ ಏನೋ ಹುಡುಕಿದಳು. ಆಮೇಲೆ ತುಂಬಾ ಸಣ್ಣ ದನಿಯಲ್ಲಿ ಕೇಳಿದಳು: "ಎಷ್ಟು ಬಂದಿದೆ?"

ಅವಳು ತನ್ನ ಅಂಕವನ್ನು ನೋಡಿಯೇ ಇರಲಿಲ್ಲ.

ಒಂದು ಗುಟುಕು ನೀರು ಕುಡಿದು ಫೋನ್ ಎತ್ತಿಕೊಂಡು ಅಂಕವನ್ನು ಓದಿ ಹೇಳಿದೆ.

"ಇನ್ನೊಂದ್ಸಲ ಓದಿ" ಅಂದಳು.

ಇನ್ನೊಮ್ಮೆ ಓದಿದೆ, ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳುವಷ್ಟು ಗಟ್ಟಿಯಾಗಿ.