ಒಂದು ಮೊಳದ ಕಾಲುವೆ

ಹಳ್ಳಿಮೈಸೂರಿನ ಕಡೆ ಮೂವತ್ತೊಂದು ವರ್ಷ ನೀರುಗಂಟಿಯಾಗಿ ಗದ್ದೆಗದ್ದೆಗೆ ಕಾಲುವೆ ನೀರು ಹಂಚಿದವನು ರಂಗಸ್ವಾಮಿ. ಅವನು ಬರುತ್ತದೆ ಅಂದರೆ ನೀರು ಬಂದೇ ಬರುತ್ತದೆ ಅನ್ನುವ ನಂಬಿಕೆ ಊರಿನಲ್ಲಿತ್ತು. ಅವನ ಆಸ್ತಿ ಅಂದರೆ ಅದೊಂದೇ. ಈ ಶ್ರಾವಣದಲ್ಲಿ ಅದಕ್ಕೂ ಕುತ್ತು ಬಂತು.

ತಂದವನು ಕಾಲುವೆಯ ತಲೆಭಾಗದ ಜಮೀನಿನ ಅರುಣ್‌ಕುಮಾರ್. ಹುಮ್ಮಸ್ಸು ಜಾಸ್ತಿ, ತಾಳ್ಮೆ ಕಮ್ಮಿ. ರಸ್ತೆ ಅಗಲವಾದರೆ ಬಸ್ಸು ಜೋರಾಗಿ ಓಡುವುದಿಲ್ಲವೇ, ನೀರೂ ಹಾಗೇ ಅಂತ ಎಲ್ಲರನ್ನೂ ಒಪ್ಪಿಸಿ, ಜೆಸಿಬಿ ತರಿಸಿ, ಒಂದು ಮೊಳದ ಮಣ್ಣುಕಾಲುವೆಯನ್ನು ನಾಲ್ಕಡಿ ಮಾಡಿಸಿಬಿಟ್ಟ. ರಂಗಸ್ವಾಮಿ ಬೇಡ ಅಂದದ್ದಕ್ಕೆ, "ರಂಗಣ್ಣ, ನಿನ್ ಕಾಲ ಆಗೋಯ್ತು. ಮನೇಲಿ ಕೂತ್ಕೊ" ಅಂದ.

ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಬಿಟ್ಟ ನೀರು ನಾಲ್ಕಡಿಯಲ್ಲಿ ಕಾಲು ಚಾಚಿ ಮಲಗಿತು. ಹೂಳು ಕೂತಿತು, ಅರ್ಧ ನೀರು ಅಲ್ಲೇ ಇಂಗಿತು. ಕಾಲುವೆಯ ತುದಿಯಲ್ಲಿದ್ದ ಸುವರ್ಣಮ್ಮ ನಾಟಿಗೆಂದು ಬೆಳೆಸಿದ್ದ ಭತ್ತದ ಸಸಿ ಹಳದಿ ತಿರುಗಿತು.

"ನೀನೂ ಕೈ ಬಿಟ್ಬುಟ್ರೆ ಎಂಗಣ್ಣ?" ಅಂತ ಅವಳು ಬಾಗಿಲಿಗೆ ಬಂದಳು.

"ಸನಿವಾರದೊತ್ಗೆ ನೀರು ಬತ್ತದೆ. ನಾನ್ ಏಳ್ತಿವ್ನಿ ಕಣವ್ವ."

ಮಾತು ಬಾಯಿಂದ ಬಿದ್ದ ಮೇಲೆ ರಂಗಸ್ವಾಮಿ ಬೆರಳು ಮಡಿಸಿ ಎಣಿಸಿದ. ಶನಿವಾರಕ್ಕೆ ಇನ್ನು ನಾಲ್ಕೇ ದಿನ. ಬರದಿದ್ದರೆ ಮೂವತ್ತೊಂದು ವರ್ಷ ನೀರಲ್ಲಿ ಹೋಮ.

ಅವತ್ತೇ ಅವನ ಮಗಳು ಮೇಘಶ್ರೀ ಬಂದಿದ್ದಳು. ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಕಿರಿದಾಗುವುದು ಅನ್ನುವ ಒಂದೇ ಸಂಗತಿಯನ್ನು ಬೇರೆ ಬೇರೆ ಶಾಸ್ತ್ರಗಳು ಹೇಗೆ ನೋಡುತ್ತವೆ ಅಂತ ಅಲ್ಲಿನ ಸಭೆಯೊಂದರಲ್ಲಿ ಭಾಷಣ ಮಾಡಬೇಕಿತ್ತು. ಊಟಕ್ಕೆ ಕೂತಾಗಲೂ ಅದೇ ಧ್ಯಾನ.

"ರಕ್ತನಾಳ ಕಿರಿದಾದ್ರೆ ಡಾಕ್ಟ್ರಿಗೆ ಅದು ಕಾಯಿಲೆ ಅಪ್ಪಾಜಿ. ಮಾತಿನ ಅರ್ಥಾನೂ ಕಿರಿದಾಯ್ತದೆ. ಹಿಂದೆ ಅನ್ನ ಅಂದ್ರೆ ಉಣ್ಣೋದೆಲ್ಲ, ಈಗ ಬೆಂದ ಅಕ್ಕಿ ಮಾತ್ರ. ಕಿರಿದಾಗಿ ಒಳ್ಳೇದಾಗಿದ್ದು ಪುಸ್ತಕದಲ್ಲೈತೆ, ಕಣ್ಣಾರೆ ಕಂಡಿದ್ದು ಒಂದೂ ಇಲ್ಲ."

ರಂಗಸ್ವಾಮಿ ಮುದ್ದೆ ಮುರಿಯುತ್ತಾ, "ಬೆಳಿಗ್ಗೆ ಕಾಲುವೆ ತಾವ ಬಾರವ್ವ" ಅಂದ.

ಬೆಳಿಗ್ಗೆ ತುದಿಭಾಗದವರೆಲ್ಲ ಗುದ್ದಲಿ ಹಿಡಿದು ಬಂದರು. ಕಾಲುವೆಯೊಳಗೆ ಎರಡೂ ಬದಿಗೆ ಗೂಟ ಹೊಡೆದು, ಗರಿಕೆ ಬೇರಿದ್ದ ಮಣ್ಣಿನ ಹೆಂಟೆ ಕಟ್ಟಿ ಅದನ್ನು ಮತ್ತೆ ಕಿರಿದು ಮಾಡಿದರು. ಅಳತೆಗೆ ಟೇಪಿಲ್ಲ. ರಂಗಸ್ವಾಮಿ ಹತ್ತತ್ತು ಹೆಜ್ಜೆಗೊಮ್ಮೆ ಬಗ್ಗಿ, ಮೊಣಕೈಯಿಂದ ನಡುಬೆರಳ ತುದಿವರೆಗೆ ಕೈ ಅಡ್ಡ ಇಟ್ಟು ನೋಡುತ್ತಿದ್ದ. ಬದುವಿನ ಮೇಲೆ ನಿಂತ ಅರುಣ್‌ಕುಮಾರ್ ತನ್ನ ಜಮೀನಿನ ಪಕ್ಕ ಮುಟ್ಟಕೂಡದು ಅಂದ. ಬರೋ ನೀರಿಗೂ ಅಡ್ಡ ಕಟ್ತಾವ್ನೆ ಅಂತ ನಕ್ಕ. ಮೇಘಶ್ರೀಗೆ ರೇಗಿತು.

"ನಗ್ಲಿ ಬುಡು," ಅಂದ ರಂಗಸ್ವಾಮಿ. "ಜಾಗ ಜಾಸ್ತಿ ಆದ್ರೆ ನೀರು ಸೋಮಾರಿ ಆಯ್ತದೆ. ಒತ್ತಿ ಇಡುದ್ರೆ ಹೂಳ್ನೂ ಎಳ್ಕೊಂಡು ಓಯ್ತದೆ."

ಶನಿವಾರ ಮಧ್ಯಾಹ್ನ ಕೆಂಪು ನೀರು ಹೂಳನ್ನು ನೂಕಿಕೊಂಡು ಓಡಿ ಬಂತು. ಸುವರ್ಣಮ್ಮ ಸೀರೆ ಎತ್ತಿ ಕಟ್ಟಿ ಅದರಲ್ಲೇ ನಿಂತಳು. ಸಂಜೆ ಅರುಣ್‌ಕುಮಾರ್ ತಲೆ ಕೆರೆಯುತ್ತಾ ಬಂದು, "ರಂಗಣ್ಣ, ನಮ್ದೂ ಒಸಿ ಅಳತೆ ಆಕ್ಕೊಡು" ಅಂದ. ರಂಗಸ್ವಾಮಿ "ಕೂತ್ಕೊ" ಅಂದ, "ಮನೇಲಿ" ಅನ್ನಲಿಲ್ಲ.

ಮುಂದಿನ ವಾರ ಹಾಸನದ ಸಭೆಯಲ್ಲಿ ಮಗಳ ಭಾಷಣ. ರಂಗಸ್ವಾಮಿ ಮೂರನೇ ಸಾಲಿನಲ್ಲಿ, ಇಸ್ತ್ರಿ ಅಂಗಿಯಲ್ಲಿ. ಕಿರಿದಾಗಿ ಒಳ್ಳೇದಾದದ್ದಕ್ಕೆ ಅವಳು ಊರಿನ ಕಾಲುವೆಯನ್ನೇ ಉದಾಹರಿಸಿದಳು. ಕೊನೆಗೆ ಪರದೆಯ ಮೇಲೆ ಆಧಾರಗ್ರಂಥಗಳ ಹೆಸರುಗಳು ಬಂದವು. ದೊಡ್ಡ ದೊಡ್ಡ ವಿದ್ವಾಂಸರ ಕೆಳಗೆ ಒಂದು ಸಾಲು: ಶ್ರೀ ರಂಗಸ್ವಾಮಿ, ನೀರುಗಂಟಿ, ಹಳ್ಳಿಮೈಸೂರು.

"ಇವರು ಯಾರಮ್ಮ?" ಅಂತ ಮುಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದರು.

"ನಮ್ಮಪ್ಪ ಸರ್. ಇಲ್ಲೇ ಇದಾರೆ."

ಸಭೆಯೆಲ್ಲ ಅವನತ್ತ ತಿರುಗಿತು. ರಂಗಸ್ವಾಮಿ ಎದ್ದು ನಿಂತ. ಕಾಲುವೆ ಎಷ್ಟು ಅಗಲ ಇರಬೇಕು ಅಂತ ಆ ಹಿರಿಯರು ಅವನನ್ನೇ ಕೇಳಿದರು.

ಅವನು ಮೊಣಕೈ ಮಡಿಸಿ ಕೈ ನೆಟ್ಟಗೆ ಎತ್ತಿ ಹಿಡಿದ. "ಇಷ್ಟು ಸಾ."

ಚಪ್ಪಾಳೆ ಬಿತ್ತು. ವೇದಿಕೆಯ ಮೇಲೆ ಮಗಳು ಕಣ್ಣೊರೆಸಿಕೊಂಡಳು. ಚಪ್ಪಾಳೆ ನಿಂತ ಮೇಲೂ ಕೈ ಇಳಿಸಲು ಅವನಿಗೆ ಮನಸ್ಸಾಗಲಿಲ್ಲ.